ಗೋಡೆಯಾಚೆಯವರು

ಎರಡನೇ ದಿನಕ್ಕೇ ಪಂದ್ಯದಿಂದ ಹೊರಬಿದ್ದ ಗಾಲ್ಫ್ ಆಟದ ಹುಡುಗಿ ಲಾಡ್ಜಿನ ರೂಮಿಗೆ ಬಂದು, ಎಂದಿನಂತೆ ಗಾಜಿನ ಲೋಟವನ್ನು ಕಾರ್ಪೆಟ್ ಮೇಲೆ ಅಡ್ಡ ಮಲಗಿಸಿ, ಅದರೊಳಕ್ಕೆ ಚೆಂಡು ಹೊಡೆಯುತ್ತ ನಿಂತಳು. ಮೈದಾನದಲ್ಲಿ ಕೈಕೊಟ್ಟ ಹಾಳು ಚೆಂಡು ಇಲ್ಲಿ ಮಾತ್ರ ಒಂದು ಸಲವೂ ತಪ್ಪದೆ ಠಣ್ಣನೆ ಒಳಗೆ ಬೀಳುತ್ತಿತ್ತು.

ಪಕ್ಕದ ರೂಮಿನಿಂದ ಯಾರೋ ಸಿಟ್ಟಿನಿಂದ ಗೋಡೆ ಗುದ್ದಿದರು. ಬೆಚ್ಚಿಬಿದ್ದು ಕೋಲು ಕೆಳಗಿಟ್ಟಳು. ಸ್ವಲ್ಪ ಹೊತ್ತು ಬಿಟ್ಟು, ಬೇಕೆಂದೇ ಇನ್ನೊಂದು ಹೊಡೆದಳು. ಮತ್ತೆ ಗುದ್ದು ಬಿತ್ತು. ಈ ಊರಿಗೆ ಬಂದ ಮೇಲೆ ಮೊದಲ ಸಲ ಅವಳಿಗೆ ನಗು ಬಂತು.

ಅಷ್ಟರಲ್ಲಿ ಅಮ್ಮನ ಫೋನು. "ಊಟ ಆಯ್ತೇನೆ? ಅಲ್ಲಿ ಮಾತಾಡೋಕೆ ಯಾರಾದ್ರೂ ಇದ್ದಾರಾ?"

"ಇದ್ದಾರಮ್ಮ," ಎಂದಳು ಗೋಡೆಯತ್ತ ನೋಡುತ್ತ. "ಪಕ್ಕದ ರೂಮಿನವ್ರು. ಕರೆದ್ರೆ ಸಾಕು, ತಕ್ಷಣ ಓ ಅಂತಾರೆ."