ಸಣ್ಣವ್ವನ ಬಾಗಿಲ ಮೇಲಿನ ಮಾತು

ಮುಶಿಗೇರಿಯ ಸಣ್ಣವ್ವನಿಗೆ ಗೊತ್ತಿದ್ದ ಇಂಗ್ಲಿಷ್ ಹೊಗಳಿಕೆ ಒಂದೇ: ‘ಸ್ಕ್ವಾಲಿಡ್’. ರೊಟ್ಟಿ ಉಬ್ಬಿದರೆ ಸ್ಕ್ವಾಲಿಡ್, ಎಮ್ಮೆ ಗಟ್ಟಿ ಹಾಲು ಕೊಟ್ಟರೆ ಸ್ಕ್ವಾಲಿಡ್. ಮಗಳು ಅನ್ನಪೂರ್ಣಾ ನರೇಗಲ್ಲಿನ ಶಾಲೆಯಲ್ಲಿ ಟೀಚರಾದಾಗಂತೂ ಓಣಿಗೆಲ್ಲ ಕೇಳುವಂತೆ ಸ್ಕ್ವಾಲಿಡ್.

ಆ ಮಾತು ಗೋವೆಯಿಂದ ಬಂದದ್ದು. ಗಂಡ ಪರಶಪ್ಪನ ಜೊತೆ ಅಲ್ಲಿಗೆ ಕಟ್ಟಡದ ಕೆಲಸಕ್ಕೆ ಹೋದಾಗ ಇರಲು ಸಿಕ್ಕಿದ್ದು ಗಟಾರದ ದಂಡೆಯ ತಗಡಿನ ಶೆಡ್ಡು. ಕಲ್ಲುಮಣ್ಣು ಹೊತ್ತು ಸೊಂಟ ಬಿದ್ದುಹೋದರೂ ಸಣ್ಣವ್ವ ದಿನಾ ನೆಲ ಸಾರಿಸುತ್ತಿದ್ದಳು, ಸುಣ್ಣದ ಪುಡಿಯಲ್ಲಿ ರಂಗೋಲಿ ಎಳೆಯುತ್ತಿದ್ದಳು, ಭಾಂಡೆಗಳನ್ನು ಮುಖ ಕಾಣುವಂತೆ ಬೆಳಗಿ ಇಡುತ್ತಿದ್ದಳು. ಒಮ್ಮೆ ಕ್ಯಾಮೆರಾ ಹಿಡಿದ ಹೆಣ್ಣುಮಗಳೊಬ್ಬಳು ಗಟಾರದ ಆಚೆ ನಿಂತು, ಶೆಡ್ಡು ನೋಡಿ, ಜೊತೆಯವರಿಗೆ ‘ಸ್ಕ್ವಾಲಿಡ್’ ಅಂದಳು. ಕಾಂಕ್ರೀಟು ಗಟ್ಟಿಯಾಗಿ ಕೂತರೆ ಇಂಜಿನಿಯರು ‘ಸಾಲಿಡ್’ ಅನ್ನುವುದನ್ನು ಸಣ್ಣವ್ವ ಕೇಳಿದ್ದಳು. ಹೆಚ್ಚು ಕಲಿತವರು ಅದನ್ನೇ ನಾಲಿಗೆ ತಿರುವಿ ಅನ್ನುತ್ತಾರೆಂದು ತಿಳಿದು ಹಿಗ್ಗಿದಳು. ಪಾಪ, ಆ ಊರಲ್ಲಿ ಅವಳನ್ನು ಮತ್ಯಾರು ಹೊಗಳಿದ್ದರು?

ಅನ್ನಪೂರ್ಣಾಳಿಗೆ ಖರೇ ಅರ್ಥ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ಅದು ಬರೀ ಕೊಳೆಗೆ ಹೇಳುವ ಮಾತಲ್ಲ. ಹೊಲದಿಂದ ಬಂದ ಕೆಸರುಗಾಲಿಗೆ ಯಾರೂ ಹಾಗನ್ನುವುದಿಲ್ಲ. ಬಡತನದಲ್ಲಿ, ಕೇಳುವವರಿಲ್ಲದೆ ಹೊಲಸು ನಾರುವ ಜಾಗಕ್ಕೆ, ಅಲ್ಲಿಯ ಬಾಳಿಗೆ ಅನ್ನುವ ಮಾತು. ಅವತ್ತು ಹಾಸ್ಟೆಲಿನ ಬಚ್ಚಲಲ್ಲಿ ನಿಂತು ಅತ್ತಳು. ಅವ್ವನಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ.

ಈಗ ಮುಶಿಗೇರಿಯಲ್ಲಿ ಎರಡು ಖೋಲಿಯ ಸ್ವಂತ ಮನೆ ಎದ್ದಿದೆ. ಗಜೇಂದ್ರಗಡದ ಪೇಂಟರ್ ಅಕ್ಬರಸಾಬ ಬಾಗಿಲ ಮೇಲೆ ಮನೆಯ ಹೆಸರು ಬರೆಯಲು ಏಣಿ ಹತ್ತಿ ನಿಂತಿದ್ದ.

“ಸ್ಕ್ವಾಲಿಡ್ ಅಂತ ಇಂಗ್ಲಿಷಿನಾಗ ಬರೀರಿ ಸಾಬ್ರ,” ಅಂದಳು ಸಣ್ಣವ್ವ. “ಅನ್ನಪೂರ್ಣಾ, ಅಕ್ಷರ ಹೇಳ ಯವ್ವಾ.”

ಅನ್ನಪೂರ್ಣಾ ಏಣಿಯ ಹತ್ತಿರ ಬಂದಳು. ‘ಸಾಲಿಡ್’ ಎಂದು ಬರೆಸಿಬಿಟ್ಟರೆ ಮುಗಿಯಿತು, ಅವ್ವನಿಗೆ ಓದಲು ಬರುವುದಿಲ್ಲ. ಆದರೆ ಓದಲು ಬಾರದವಳೆಂದು ಅವಳದೇ ಬಾಗಿಲಿಗೆ ಸುಳ್ಳು ಬರೆಸುವುದೇ? ಅವ್ವನನ್ನು ಒಳಗೆ ಕರೆದು, ಕೈ ಹಿಡಿದು, ಎಲ್ಲ ಹೇಳಿದಳು.

ಸಣ್ಣವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

“ಅಕಿ ಗಟಾರದ ಆಚಿ ನಿಂತಿದ್ಲಲ್ಲ,” ಅಂದಳು. “ಒಳಗ ಬಂದಿದ್ರ ಹಂಗ ಅಂತಿದ್ದಿಲ್ಲ. ನಾನರ ಕರೀಬೇಕಿತ್ತು. ಚಾ ಮಾಡೂಣಂದ್ರ ಅವತ್ತ ಮನ್ಯಾಗ ಸಕ್ರಿ ಇದ್ದಿದ್ದಿಲ್ಲ.”

ಅನ್ನಪೂರ್ಣಾ ಅವ್ವನ ಕೈ ಬಿಡಲಿಲ್ಲ. ಹೊರಗಿನಿಂದ ಅಕ್ಬರಸಾಬ ಕೇಳಿದ, “ಏನ್ ಬರೀಲಿ ಅಕ್ಕಾರ?”

ಸಣ್ಣವ್ವ ಎದ್ದು ಹೊಸ್ತಿಲಿಗೆ ಬಂದಳು.

“ಕನ್ನಡದಾಗ ಬರೀರಿ. ಓಣಿ ಆಚಿ ನಿಂತವ್ರಿಗೂ ಕಾಣಬೇಕು, ಅಷ್ಟ್ ದೊಡ್ಡದು.”

ಹಸಿರು ಬಣ್ಣದಲ್ಲಿ ಆ ಬಾಗಿಲ ಮೇಲೆ ಈಗ ಇರುವುದು ಇಷ್ಟೇ: ಒಳಗ ಬರ್ರಿ.