ಕೆಜಾಯಾ ಹಿಡಿದ ಚುಕ್ಕಾಣಿ

ನಮ್ಮ ಬ್ರಾನ್‌ಸ್ಟನ್ ಕಾಲುವೆಯ ದೋಣಿಯವನು ಆಬ್ನರ್ ತನ್ನ ಚುಕ್ಕಾಣಿಯ ಮರದ ಹಿಡಿಯನ್ನು ನನ್ನ ಬಡಗಿ ಶೆಡ್ಡಿಗೆ ತಂದ. ಬುಡ ಸೀಳಿತ್ತು. ಅವನ ಹೆಂಡತಿ ಕೆಜಾಯಾ ನಲವತ್ತು ವರ್ಷ ಹಿಡಿದದ್ದು. ಅವಳು ತೀರಿಕೊಂಡು ಮೂರು ತಿಂಗಳಾಗಿತ್ತು.

"ಬುಡಕ್ಕೊಂದು ಕಬ್ಬಿಣದ ಪಟ್ಟಿ ಹೊಡಿ, ಸಾಕು" ಎಂದು ಹೋದ.

ನನ್ನ ಜಾಣತನಕ್ಕಿಷ್ಟು ಬೆಂಕಿ ಬೀಳ! ಹೊಸದನ್ನೇ ಕಡೆದು, ಕೆಂಪು ಬಿಳಿ ಪಟ್ಟೆ ಬಳಿದು, ಅವನು ಬಂದಾಗ ಬಿಸಿ ಚಹಾದ ಜೊತೆ ಕೈಗಿಟ್ಟೆ. "ಮದುಮಗಳ ಥರ ಇದೆ ನೋಡೋ!"

ಆಬ್ನರ್ ತುದಿ ಸವರಿದ. "ಇಲ್ಲಿ ಅವಳ ಕೈ ಸವೆಸಿದ ಗುಳಿ ಇತ್ತಲ್ಲೋ. ಹಳೇದೆಲ್ಲಿ?"

ನಾನು ಚಹಾ ಕಾಸಿದ ಒಲೆಯ ಬೂದಿಯ ಕಡೆ ನೋಡಿದೆ. ಅವನು ಗುಟುಕೂ ಕುಡಿಯದೆ ಲೋಟ ಕೆಳಗಿಟ್ಟ.

ದೋಣಿಯನ್ನು ದಡಕ್ಕೆ ಕಟ್ಟಿದಾಗ ಹಿಡಿಯನ್ನು ತಲೆಕೆಳಗಾಗಿ ಸಿಕ್ಕಿಸಿ, ಹೊರಡುವಾಗ ನೆಟ್ಟಗೆ ತಿರುಗಿಸುವುದು ನಮ್ಮವರ ರೂಢಿ. ಹೊಸದನ್ನು ಅವನು ಹಾಗೆಯೇ ಸಿಕ್ಕಿಸಿದ. ಇವತ್ತಿಗೂ ಅದನ್ನು ನೆಟ್ಟಗೆ ತಿರುಗಿಸಿಲ್ಲ.