ಪುಕ್ಕಲಣ್ಣ ಮೇನ್ ಎಳೆದ ದಿನ

ನಮ್ಮ ಬೀದಿಯ ಕೊನೆಯ ಮನೆಯಲ್ಲಿರುವ ನಗರಸಭೆಯ ಎಲೆಕ್ಟ್ರಿಷಿಯನ್‌ನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಎಲ್ಲರಿಗೂ ಅವನು ಪುಕ್ಕಲಣ್ಣ. ಬಲ್ಬು ಬದಲಿಸಲು ಕರೆದರೂ ಮೊದಲು ಮೇನ್ ಸ್ವಿಚ್ ಆಫ್ ಮಾಡಿಸುತ್ತಾನೆ, ಟೆಸ್ಟರ್ ಇಟ್ಟು ನೋಡುತ್ತಾನೆ, ಅದನ್ನೂ ನಂಬದೆ ಜೇಬಿನಿಂದ ಇನ್ನೊಂದು ಟೆಸ್ಟರ್ ತೆಗೆಯುತ್ತಾನೆ. "ಒಂದು ಬಲ್ಬಿಗೆ ಒಂದು ಗಂಟೆ ಕತ್ತಲೆ" ಎಂದು ನಾವೆಲ್ಲ ನಗುತ್ತಿದ್ದೆವು.

ಅವನು ಮಾತ್ರ ನಗುತ್ತಿರಲಿಲ್ಲ. ಅವನಿಗೆ ಹತ್ತೊಂಬತ್ತು ವರ್ಷವಿದ್ದಾಗ, ಕೆಲಸ ಕಲಿಸಿದ ಸೋದರಮಾವ ಅವನ ಕಣ್ಣೆದುರೇ ತಂತಿಗೆ ಅಂಟಿಕೊಂಡು ಸತ್ತಿದ್ದ. ಯಾರೋ "ಲೈನ್ ಆಫ್ ಆಗಿದೆ, ಕಂಬ ಹತ್ತು" ಎಂದಿದ್ದರು. ಮಾವ ನಂಬಿ ಹತ್ತಿದ್ದ. ಅಂದಿನಿಂದ ಅವನಿಗೆ ಕರೆಂಟೆಂದರೆ ಭಯ. ಆದರೆ ಕಲಿತದ್ದು ಅದೊಂದೇ ಕೆಲಸ, ಹಾಗಾಗಿ ಮೂವತ್ತೆರಡು ವರ್ಷ ಆ ಭಯದ ಜೊತೆಗೇ ಸಂಸಾರ ಮಾಡಿದ. ಮೇಲಿನವರ ಭಯ ಬೇರೆ. ನಗರಸಭೆಯ ಇಂಜಿನಿಯರ್ ಸಾಹೇಬರು ಸ್ವಲ್ಪ ದನಿ ಏರಿಸಿದರೆ ಸಾಕು, ಅವನ ಬಾಯಿಂದ "ಆಯ್ತು ಸರ್" ಬಿಟ್ಟು ಬೇರೇನೂ ಹೊರಡುತ್ತಿರಲಿಲ್ಲ.

ನಗರಸಭೆ ಕಚೇರಿಯ ಅಂಗಳದಲ್ಲಿ ಕರೆಂಟ್ ಗಾಡಿಗಳಿಗೆ ಉಚಿತ ಚಾರ್ಜಿಂಗ್ ಕೊಡಬೇಕೆಂದು ತೀರ್ಮಾನವಾಯಿತು. ನಾಲ್ಕು ಹಸಿರು ಕಂಬ ನಿಂತವು, "ಎಲ್ಲರಿಗೂ ಉಚಿತ" ಎಂಬ ಬೋರ್ಡೂ ಬಂತು. ಉದ್ಘಾಟನೆಗೆ ಎರಡು ದಿನವಿದೆ ಎನ್ನುವಾಗಲೂ ಬಾರದ್ದು ಮೀಟರ್ ಒಂದೇ. ಗೋಡೆಯಾಚೆ ಆರು ಹಾಸಿಗೆಯ ಸರ್ಕಾರಿ ಆಸ್ಪತ್ರೆ ಇತ್ತು.

"ಆಸ್ಪತ್ರೆ ಕರೆಂಟ್ ಬೋರ್ಡಿಂದ ಲೈನ್ ಎಳಿ" ಎಂದರು ಸಾಹೇಬರು.

"ಸರ್, ಅದು ಹಳೇ ವೈರಿಂಗು. ಬಿಲ್ಲೂ ಅವರಿಗೇ ಹೋಗುತ್ತೆ..."

"ಹದಿನೈದು ದಿನದ ಮಾತಯ್ಯ. ನಿನ್ನ ಕೈಲಿ ಆಗಲ್ಲ ಅಂದ್ರೆ ಹೇಳು, ಆಗೋರನ್ನ ಕರೆಸ್ತೀನಿ."

"ಆಯ್ತು ಸರ್."

ಆ ಹದಿನೈದು ದಿನ ಎಳೆದೆಳೆದು ಎಂಟು ತಿಂಗಳಾಯಿತು. ಬೆಳಗಾದರೆ ಗಾಡಿಗಳ ಸಾಲು. ಟ್ಯಾಕ್ಸಿಯವರಂತೂ ನಗರಸಭೆಯನ್ನು ಹೊಗಳಿದ್ದೇ ಹೊಗಳಿದ್ದು. ಬೇಸಿಗೆ ಶುರುವಾದ ಮೇಲೆ ಚಾರ್ಜಿಂಗ್ ಲೈನಿನ ಬ್ರೇಕರ್ ದಿನಕ್ಕೆ ನಾಲ್ಕು ಸಲ ಬೀಳತೊಡಗಿತು. ಲೋಡು ಹೆಚ್ಚಾದಾಗ ತಾನಾಗಿ ಆಫ್ ಆಗುವುದೇ ಅದರ ಕೆಲಸ. ಸಾಹೇಬರಿಗೆ ದೂರು ಹೋಯಿತು. "ದೊಡ್ಡದು ಹಾಕು, ಬೀಳಲ್ಲ" ಎಂದರು. ವೈರು ಬದಲಿಸದೆ ದೊಡ್ಡ ಬ್ರೇಕರ್ ಹಾಕಿದರೆ ಬ್ರೇಕರ್ ಬೀಳುವುದಿಲ್ಲ ನಿಜ, ವೈರು ಸುಡುತ್ತದೆ. ಪುಕ್ಕಲಣ್ಣನಿಗೆ ಅದು ಅಂಗೈ ನೋಡಿಕೊಂಡಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಆದರೂ ಹಾಕಿದ.

ಅಂದಿನಿಂದ ಅವನಿಗೆ ಊಟ ಸೇರಲಿಲ್ಲ. ದಿನಕ್ಕೆ ಮೂರು ಸಲ ಏನಾದರೊಂದು ನೆಪ ಹೇಳಿ ಆಸ್ಪತ್ರೆಗೆ ಹೋಗಿ, ಬೋರ್ಡಿನ ಮುಚ್ಚಳದ ಮೇಲೆ ಅಂಗೈ ಇಟ್ಟು ಬಿಸಿ ನೋಡುತ್ತಿದ್ದ. ಅಲ್ಲಿ ಇನ್ನೊಂದನ್ನೂ ನೋಡುತ್ತಿದ್ದ. ದಪ್ಪ ಕನ್ನಡಕದ ನರ್ಸಮ್ಮ ವಾರ್ಡಿನಲ್ಲಿ ಓಡಾಡುತ್ತಾ ಒಂದೊಂದೇ ಫ್ಯಾನ್ ಆರಿಸುತ್ತಿದ್ದಳು. ಬಿಲ್ಲು ಮೂರು ಪಟ್ಟಾಗಿದೆ ಎಂದು ಮೇಲಿನಿಂದ ನೋಟಿಸು ಬಂದಿತ್ತು. ಬಿಸಿನೀರಿನ ಗೀಸರ್ ಬಿಚ್ಚಿಸಿದ್ದರು. "ಎಲ್ಲಿ ಸೋರ್ತಿದೆಯೋ ಕಾಣೆ ಅಣ್ಣಾ, ನೀವೇ ಒಂದ್ಸಲ ನೋಡಿ" ಎಂದು ಅವಳು ಅವನನ್ನೇ ಕೇಳಿದ್ದಳು. ಅವನು ಬೋರ್ಡು ತೆರೆದು, ನೋಡಿದಂತೆ ಮಾಡಿ, ಮುಚ್ಚಿ ಬಂದಿದ್ದ.

"ಹೇಳಿಬಿಡಬಾರದಾ?" ಎಂದು ಹೊಲಿಗೆ ಯಂತ್ರದ ಮುಂದಿನಿಂದ ಹೆಂಡತಿ ಕೇಳಿದಳು.

"ಕನೆಕ್ಷನ್ ಕೊಟ್ಟ ಕಾಗದದಲ್ಲಿ ಇರೋದು ನನ್ನ ಸಹಿ ಕಣೇ. ಸಾಹೇಬರದ್ದಲ್ಲ."

ಒಂದು ಮಂಗಳವಾರ, ಬೆಳಗ್ಗೆ ಹನ್ನೊಂದರ ಹೊತ್ತು. ನಾಲ್ಕೂ ಕಂಬಕ್ಕೆ ಗಾಡಿಗಳನ್ನು ಸಿಕ್ಕಿಸಿದ್ದರು. ಪುಕ್ಕಲಣ್ಣ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೇ ಮೂಗಿಗೆ ಆ ವಾಸನೆ ಹೊಡೆಯಿತು. ಪ್ಲಾಸ್ಟಿಕ್ ಬೇಯುವ, ಮೀನು ಕೆಟ್ಟಂಥ ವಾಸನೆ. ಬೋರ್ಡಿನ ಮುಚ್ಚಳ ಮುಟ್ಟಿದರೆ ಕೈ ಇಡಲಾಗಲಿಲ್ಲ. ಒಳಗೆ ಚಿಟಚಿಟ ಸದ್ದು. ಅಂಗಿಯ ತುದಿ ಹಿಡಿದು ಮುಚ್ಚಳ ತೆರೆದ. ಚಾರ್ಜಿಂಗ್ ಲೈನಿನ ಬ್ರೇಕರ್ ಕಂದುಗಟ್ಟಿತ್ತು. ಮರದ ಕಡ್ಡಿಯಿಂದ ಕೆಳಕ್ಕೆ ಒತ್ತಿದ. ಕರಗಿ ಅಂಟಿಕೊಂಡಿದ್ದ ಅದು ಅಲ್ಲಾಡಲಿಲ್ಲ.

ಉಳಿದದ್ದು ಒಂದೇ ದಾರಿ, ಆಸ್ಪತ್ರೆಯ ಮೇನ್ ಎಳೆಯುವುದು. ಅವನ ಕೈ ಹಿಡಿಕೆಯವರೆಗೆ ಹೋಗಿ ನಿಂತಿತು. ಬೋರ್ಡಿನ ಪಕ್ಕದ ಕೋಣೆಯಿಂದ ಆಮ್ಲಜನಕದ ಯಂತ್ರ ಬುಸ್ಸೆನ್ನುತ್ತಿತ್ತು. ಅದಕ್ಕೆ ಮೂಗಿನ ಕೊಳವೆ ಸೇರಿಸಿಕೊಂಡು ಒಬ್ಬ ಮುದುಕಪ್ಪ ಮಲಗಿದ್ದ. ಮೇನ್ ಎಳೆದರೆ ಯಂತ್ರ ನಿಲ್ಲುತ್ತದೆ. ಎಳೆಯದಿದ್ದರೆ ಬೆಂಕಿ.

"ನರ್ಸಮ್ಮಾ!" ಕೂಗಿದ್ದು ತನ್ನ ದನಿಯೇ ಎಂದು ಅವನಿಗೆ ತಿಳಿಯಲಿಲ್ಲ. "ಬೋರ್ಡು ಸುಡ್ತಾ ಇದೆ, ಮೇನ್ ತೆಗೀಬೇಕು! ಆ ಯಂತ್ರಕ್ಕೆ ಬ್ಯಾಟರಿ ಇದೆಯಾ?"

"ಬ್ಯಾಟರಿ ಸತ್ತು ವರ್ಷ ಆಯ್ತು. ಸಿಲಿಂಡರ್ ಇದೆ, ತಡೀರಿ!"

ಸಿಲಿಂಡರ್ ಉರುಳಿಸಿಕೊಂಡು ಬಂದಳು. ತೆರೆಯುವ ಕೀಲಿ ಅದರ ಕುತ್ತಿಗೆಯಲ್ಲಿರಲಿಲ್ಲ. ಅವಳು ಡ್ರಾಯರುಗಳನ್ನು ಒಂದೊಂದಾಗಿ ಕಿತ್ತೆಸೆಯುತ್ತಿದ್ದಾಗ ಬೋರ್ಡಿನಿಂದ ಕಪ್ಪು ಹೊಗೆ ಏಳತೊಡಗಿತು. ಕಾರಿಡಾರಿನಲ್ಲಿದ್ದವರು ಮಕ್ಕಳನ್ನು ಎತ್ತಿಕೊಂಡು ಓಡಿದರು. ಪುಕ್ಕಲಣ್ಣನ ಕಾಲುಗಳೂ ಬಾಗಿಲ ಕಡೆಗೇ ತಿರುಗಿದ್ದವಂತೆ. ಕಣ್ಣೆದುರು ಮಾವ ತಂತಿಗೆ ಅಂಟಿ ಅದುರುತ್ತಿದ್ದ. ಅವನು ಗೋಡೆಗೆ ಬೆನ್ನು ಆನಿಸಿ ನಿಂತ, ಅಷ್ಟೇ. ಧೈರ್ಯದಿಂದಲ್ಲ, ಕಾಲು ಏಳಲಿಲ್ಲ ಎನ್ನುತ್ತಾನೆ ಅವನು. ನಾನು ಅದನ್ನು ನಂಬುವುದಿಲ್ಲ. ನಿಂತಲ್ಲಿಂದಲೇ ಟೂಲ್ ಬ್ಯಾಗಿನಿಂದ ತನ್ನ ಸ್ಪ್ಯಾನರ್ ತೆಗೆದು ಅವಳ ಕಡೆ ಎಸೆದಿದ್ದನಲ್ಲ!

ಅವಳು ಅದರಿಂದಲೇ ಸಿಲಿಂಡರ್ ತಿರುಗಿಸಿದಳು. ಸುಯ್ಯೆಂದು ಗಾಳಿ ಬಂತು. ಮುದುಕಪ್ಪನ ಮೂಗಿನ ಕೊಳವೆಯನ್ನು ಸಿಲಿಂಡರಿಗೆ ಬದಲಾಯಿಸಿ, "ಎಳೀರಿ!" ಎಂದಳು.

ಕಣ್ಣು ಮುಚ್ಚಿ, ಅಂಗಿಯ ತುದಿ ಸುತ್ತಿದ ಕೈಯಿಂದ ಅವನು ಹಿಡಿಕೆ ಎಳೆದ. ಫಟ್ಟೆಂದು ಕಿಡಿ ಹಾರಿ ಮುಂಗೈ ಸುಟ್ಟಿತು. ಬೋರ್ಡಿನೊಳಗಿನ ಚಿಟಚಿಟ ಸದ್ದು ನಿಂತಿತು.

ಎರಡು ನಿಮಿಷ ಕಳೆದಿರಲಿಲ್ಲ, ಟ್ಯಾಕ್ಸಿ ಡ್ರೈವರ್ ಒಬ್ಬ ಪುಕ್ಕಲಣ್ಣನನ್ನು ಹುಡುಕಿಕೊಂಡು ಧುಮುಗುಡುತ್ತಾ ಒಳಗೆ ಬಂದ. "ಯಾರ್ರೀ ಕರೆಂಟ್ ತೆಗೆದದ್ದು? ಫ್ರೀ ಅಂತ ಬೋರ್ಡ್ ಹಾಕಿ ಆಟ ಆಡ್ತೀರಾ? ಮಧ್ಯಾಹ್ನದ ಬಾಡಿಗೆ ತಪ್ಪಿದ್ರೆ ನೀವು ಕೊಡ್ತೀರಾ?"

ನೆಲದ ಮೇಲೆ ಕೂತಿದ್ದ ಪುಕ್ಕಲಣ್ಣ ತಲೆ ಎತ್ತಿದ. "ಫ್ರೀ ಅಲ್ಲಪ್ಪಾ" ಎಂದ. "ಇಲ್ಲಿಂದ ಹೋಗ್ತಾ ಇತ್ತು. ಇವರ ಫ್ಯಾನು, ಇವರ ಬಿಸಿನೀರು ಕಿತ್ತು ನಿಮಗೆ ಕೊಡ್ತಾ ಇದ್ವಿ."

ಡ್ರೈವರ್ ವಾರ್ಡಿನ ಕಡೆ ನೋಡಿದ. ಬೆವರಿದ ರೋಗಿಗಳು, ಹೊಗೆ ಮೆತ್ತಿದ ಗೋಡೆ. ಅವನ ದನಿ ಇಳಿಯಿತು. "ನಮಗೆ ಯಾರೂ ಹೇಳಲಿಲ್ವಲ್ಲಣ್ಣಾ."

ನರ್ಸಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವನ ಸುಟ್ಟ ಕೈಗೆ ಮುಲಾಮು ಹಚ್ಚಿ ಬಟ್ಟೆ ಸುತ್ತಿದಳು. ಗಂಟು ಬಿಗಿದ ಮೇಲೆ, "ಎಂಟು ತಿಂಗಳು" ಎಂದಷ್ಟೇ ಹೇಳಿ ಎದ್ದುಹೋದಳು. ಆ ಎರಡು ಪದ ಸುಟ್ಟದ್ದಕ್ಕಿಂತ ಹೆಚ್ಚು ಉರಿಯಿತಂತೆ.

ಸಂಜೆ ಸಾಹೇಬರು ಅವನನ್ನು ಕರೆಸಿ ಬಾಗಿಲು ಹಾಕಿದರು. "ಆಸ್ಪತ್ರೆಯವರು ಹೀಟರ್ ಇಟ್ಟಿದ್ರು, ಅದರಿಂದ ಹೀಗಾಯ್ತು ಅಂತ ಬರಿ. ನೀನೂ ಉಳೀತೀಯ, ನಾನೂ ಉಳೀತೀನಿ."

"ಆಯ್ತು ಸರ್" ಎಂದು ಬಿಳಿ ಹಾಳೆ ತಗೊಂಡು ಮನೆಗೆ ಬಂದ. ಮೊದಲ ಹಾಳೆಯಲ್ಲಿ ಸಾಹೇಬರು ಹೇಳಿದಂತೆಯೇ ಬರೆದ. ಹೀಟರ್ ಇಟ್ಟವರು ಯಾರೆಂದು ನರ್ಸಮ್ಮನ ಹುದ್ದೆ ಬರೆಯುವ ಜಾಗ ಬಂದಾಗ ಪೆನ್ನು ಮುಂದೆ ಹೋಗಲಿಲ್ಲ. ಹರಿದ. ಹೆಂಡತಿ ಯಂತ್ರ ನಿಲ್ಲಿಸಿ ಪಕ್ಕದಲ್ಲಿ ಬಂದು ಕೂತಳು. "ಕೆಲಸ ಹೋದ್ರೆ ಹೋಗ್ಲಿ, ರವಿಕೆ ಹೊಲಿಯೋಕೆ ನನ್ನ ಕೈ ಇದೆ" ಎಂದಳು. ಅವನು ಇನ್ನೊಂದು ಹಾಳೆ ತೆಗೆದು ಬರೆದ: ಲೈನು ಎಳೆದದ್ದು ನಾನು, ದೊಡ್ಡ ಬ್ರೇಕರ್ ಹಾಕಿದ್ದು ನಾನು, ಹೇಳಿದ್ದು ಯಾರು, ಬಿಲ್ಲು ಕಟ್ಟಿದ್ದು ಯಾರು. ಮರುದಿನ ಅದನ್ನು ಸಾಹೇಬರಿಗೆ ಕೊಡದೆ ಆಯುಕ್ತರ ಕಚೇರಿಯಲ್ಲಿ ಕೊಟ್ಟು ಮುದ್ರೆ ಹಾಕಿಸಿಕೊಂಡ. ಹೊರಗೆ ಬಂದು ಚರಂಡಿ ಪಕ್ಕ ವಾಂತಿ ಮಾಡಿಕೊಂಡ.

ವಿಚಾರಣೆ ನಡೆಯಿತು. ಸಾಹೇಬರಿಗೆ ವರ್ಗವಾಯಿತು. ಅವನನ್ನು ನಾಲ್ಕು ತಿಂಗಳು ಅಮಾನತಿನಲ್ಲಿಟ್ಟು, ಬಡ್ತಿ ತಡೆಹಿಡಿದು ವಾಪಸು ತೆಗೆದುಕೊಂಡರು. ಆಸ್ಪತ್ರೆಗೆ ಹೊಸ ವೈರಿಂಗು ಬಂತು, ಗೀಸರ್ ಮರಳಿತು. ಚಾರ್ಜಿಂಗಿಗೆ ಬೇರೆ ಮೀಟರು ಕೂತು ದರ ನಿಗದಿಯಾಯಿತು. ಟ್ಯಾಕ್ಸಿಯವರಲ್ಲಿ ಅರ್ಧ ಜನ ಈಗಲೂ ಪುಕ್ಕಟೆ ಕರೆಂಟ್ ನಿಲ್ಲಿಸಿದವನೆಂದು ಅವನನ್ನು ಬೈಯುತ್ತಾರೆ. ನರ್ಸಮ್ಮ ಬಹಳ ದಿನ ಅವನ ಜೊತೆ ಮಾತಾಡಲಿಲ್ಲ. ಹೊಸ ಬೋರ್ಡು ಕೂರಿಸುವ ದಿನ ಮಾತ್ರ, "ಇದನ್ನ ಅವರ ಕೈಯಲ್ಲೇ ಮಾಡಿಸಿ, ಬೇರೆಯವರು ಬೇಡ" ಎಂದು ಹಟ ಹಿಡಿದಳು.

"ಈಗ ಭಯ ಹೋಗಿರಬೇಕಲ್ಲ?" ಎಂದು ಮೊನ್ನೆ ಕೇಳಿದೆ.

"ಎಲ್ಲಿ ಹೋಗುತ್ತೆ? ಆ ಹೊಗೆ ಈಗಲೂ ಮೂಗಲ್ಲಿದೆ" ಎಂದು ಏಣಿ ಹೆಗಲಿಗೇರಿಸಿಕೊಂಡು, ಬೀದಿ ದೀಪ ನೋಡಲು ಹೊರಟ.